ಇವತ್ತು ಕಿವಿಗೆ, ಅರ್ಥ ನಾಳೆ

ಕೊನೆಯ ಮಾಮೂಲಿ ದಿನ ರವಿವಾರವಾಗಿತ್ತು. ಜೂನ್ ಬಂದಿತ್ತು, ಮಳೆ ಬಂದಿರಲಿಲ್ಲ. ನನ್ನ ಹೆಂಡತಿ ಮಹಾನಂದಾ ಊಟದ ಮೇಜಿನ ಮೇಲೆ ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿಕೊಂಡು ಕೂತಿದ್ದಳು. ನಾನು ಕಿಟಕಿಯ ಕೂಲರಿಗೆ ಬಕೆಟ್ಟಿನಿಂದ ನೀರು ಸುರಿಯುತ್ತಿದ್ದೆ.

“ರೀ, ಇಲ್ಲಿ ಕೇಳ್ರಿ. ಒಬ್ಬ ಹುಡುಗ ಬರ್ದಾನ, ‘ಈ ಪದ್ಯ ನನಗ ಭಾಳ ಸೇರಿತು, ಯಾಕಂದ್ರ ಸಣ್ಣದೈತಿ.’”

“ಮಾರ್ಕ್ಸ್ ಕೊಡು. ಖರೇ ಹೇಳ್ಯಾನ.”

“ಕೊಟ್ಟೀನ್ರಿ. ಗೈಡ್ ನೋಡಿ ಬಾಯಿಪಾಠ ಬರದವರಿಗಿಂತ ಒಂದು ಹೆಚ್ಚs ಕೊಟ್ಟೀನಿ.”

ಇಬ್ಬರೂ ನಕ್ಕೆವು. ಆಮೇಲೆ ಅವಳು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. ಹಾಕಿಕೊಂಡಳು. ಮತ್ತೆ ತೆಗೆದು ಒರೆಸಿದಳು. “ಏನೋ ಹತ್ತೈತಿ ನೋಡ್ರಿ ಇದಕ್ಕ. ಕರೀ ದಾರದಂಗ,” ಅಂದಳು. ನಾನು ನೋಡಿದೆ. ಗಾಜಿನ ಮೇಲೆ ಏನೂ ಇರಲಿಲ್ಲ. “ಕೂಲರ್ ಧೂಳು ಹಾರಿರಬೇಕು, ಕಣ್ಣು ತೊಳಕೋ ಹೋಗು,” ಎಂದು ಹೇಳಿ ಇನ್ನೊಂದು ಬಕೆಟ್ ತರಲು ಹೋದೆ.

ನಂದಾ ಬೇಗಂಪೇಟೆಯ ಒಂದು ಖಾಸಗಿ ಕಾಲೇಜಿನಲ್ಲಿ ಹದಿನೆಂಟು ವರ್ಷದಿಂದ ಇಂಗ್ಲಿಷ್ ಕಲಿಸುತ್ತಿದ್ದಳು. ನಮ್ಮ ದೇಶದವರೇ ಇಂಗ್ಲಿಷಿನಲ್ಲಿ ಬರೆದ ಈ ಕಾಲದ ಪದ್ಯಗಳು ಅವಳ ವಿಷಯ. ‘ಈ ಪದ್ಯದ ರಸಾಸ್ವಾದ ಬರೆಯಿರಿ’ ಎಂದು ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಬರುತ್ತದಂತೆ. ಆ ಪ್ರಶ್ನೆಗೆ ಹುಡುಗರನ್ನು ತಯಾರು ಮಾಡುವುದು ಅವಳ ಕೆಲಸ. ನಾನು ಜೀಡಿಮೆಟ್ಲಾದ ಒಂದು ಔಷಧ ಕಾರ್ಖಾನೆಯಲ್ಲಿ ಪ್ಯಾಕಿಂಗ್ ವಿಭಾಗದ ಸೂಪರ್‌ವೈಸರ್. ಇಂಡಿ ತಾಲ್ಲೂಕಿನ ಕನ್ನಡ ಶಾಲೆಯಲ್ಲಿ ಹತ್ತನೆಯ ತರಗತಿ, ಮೇಲೆ ಐಟಿಐ. ಡಬ್ಬಿಗಳ ಮೇಲೆ ಬ್ಯಾಚ್ ನಂಬರು, ತಯಾರಿಸಿದ ತಿಂಗಳು, ಅವಧಿ ಮುಗಿಯುವ ತಿಂಗಳು ಸರಿಯಾಗಿ ಅಚ್ಚಾಗಿವೆಯೇ ಎಂದು ನೋಡಿ ಸಹಿ ಹಾಕುತ್ತೇನೆ. ಇಂಗ್ಲಿಷ್ ಅಕ್ಷರಗಳೆಲ್ಲ ಗೊತ್ತು. ಒಂದು ಅಕ್ಷರ ಹಾರಿಹೋಗಿದ್ದರೆ ಮಾರು ದೂರದಿಂದ ಹಿಡಿಯುತ್ತೇನೆ. ಡಬ್ಬಿಯ ಮೇಲಿಲ್ಲದ ಇಂಗ್ಲಿಷ್ ನನಗೆ ಬರುವುದಿಲ್ಲ.

ಮದುವೆಯಾದಾಗ ಅವಳು ಪಿಯುಸಿ ಮುಗಿಸಿದ್ದಳು. ಹೈದರಾಬಾದಿಗೆ ಬಂದ ಮೇಲೆ ಬಿ.ಎ., ಎಂ.ಎ. ಎರಡನ್ನೂ ಓದಿದಳು. ನಮಗೆ ಮಕ್ಕಳಾಗಲಿಲ್ಲ, ಹೊತ್ತು ಇತ್ತು. ‘ಓದಲು ಬಿಟ್ಟೆ’ ಎಂದು ನಾನು ನೆಂಟರ ಮುಂದೆ ಹೇಳಿಕೊಳ್ಳುತ್ತಿದ್ದೆ. ಬಿಡುವುದಕ್ಕೆ ನೀವ್ಯಾರು ಎಂದು ಅವಳು ಒಮ್ಮೆಯೂ ಕೇಳಲಿಲ್ಲ. ಈಗ ಆ ಮಾತು ನನ್ನ ಬಾಯಿಂದ ಎಷ್ಟು ಸಲ ಬಂದಿರಬಹುದು ಎಂದು ನೆನೆದರೆ ನಾಚಿಕೆಯಾಗುತ್ತದೆ.

ಸೋಮವಾರ ಬೆಳಿಗ್ಗೆ ಕರಿಯ ದಾರಗಳು ಕರಿಯ ಪರದೆಯಾದವು. ಸಕ್ಕರೆ ಕಾಯಿಲೆ ಹನ್ನೆರಡು ವರ್ಷದ್ದು. ಕಣ್ಣಿನೊಳಗಿನ ಸಣ್ಣ ರಕ್ತನಾಳ ಒಡೆದು ಒಳಗೆಲ್ಲ ರಕ್ತ ಇಳಿದಿದೆ, ಅದು ಕರಗುವವರೆಗೆ ಕಾಯಬೇಕು, ಮೂತ್ರಪಿಂಡವೂ ದುರ್ಬಲವಾಗಿದೆ, ಆದ್ದರಿಂದ ಆಪರೇಷನ್ನಿಗೆ ಅವಸರ ಮಾಡುವಂತಿಲ್ಲ ಎಂದು ಡಾಕ್ಟರು ಹೇಳಿದರು. ಅದು ಬಲಗಣ್ಣು. ಎಡಗಣ್ಣು ಚಳಿಗಾಲದಲ್ಲೇ ಮಂಜಾಗಿತ್ತು ಎಂಬುದು ನನಗೆ ತಿಳಿದದ್ದು ಆಗ.

“ಯಾಕ ಹೇಳಲಿಲ್ಲ?” ಎಂದು ಆಟೋದಲ್ಲಿ ಕೇಳಿದೆ.

“ಪರೀಕ್ಷಾ ನಡದಿದ್ವಲ್ಲರೀ.”

“ಪರೀಕ್ಷಾ ಹುಡುಗರಿಗೆ. ನಿನಗೇನು?”

“ಒಂದು ಕಣ್ಣಿಲೆ ಪೇಪರ್ ತಿದ್ದಾಕ ಬರ್ತೈತಿ,” ಅಂದಳು. ಅಷ್ಟೇ.

ಮೂರನೆಯ ವಾರ ಅವಳ ವಿಭಾಗದ ಮುಖ್ಯಸ್ಥರು ಮನೆಗೆ ಬಂದರು. ತೆಲುಗಿನವರು, ಮೃದು ಮಾತು. ಕೈಯಲ್ಲಿ ಸೇಬಿನ ಚೀಲ. ಸಕ್ಕರೆಯವರಿಗೆ ಸೇಬು ನಡೆಯುತ್ತದೆ ಎಂದು ಅವರೇ ಹೇಳಿದರು. “ರೆಸ್ಟ್ ತೀಸ್ಕೋಂಡಿ ಮೇಡಂ,” ಎಂದು ನಾಲ್ಕು ಸಲ ಅಂದರು. ವಿಶ್ರಾಂತಿ, ವಿಶ್ರಾಂತಿ. ಉಳಿದ ಉತ್ತರಪತ್ರಿಕೆಗಳನ್ನು ಎತ್ತಿಕೊಂಡರು. ಅವಳ ತರಗತಿಯನ್ನು ಬೇರೆಯವರಿಗೆ ಕೊಟ್ಟಾಗಿದೆ, ಹೊಸಬರು ನೋಟ್ಸ್ ಬರೆಸುತ್ತಿದ್ದಾರೆ, ಹುಡುಗರಿಗೆ ಸುಲಭವಾಗಿದೆ ಎಂದೂ ಹೇಳಿದರು. ಒಳ್ಳೆಯ ಸುದ್ದಿ ಹೇಳುವ ದನಿಯಲ್ಲೇ ಹೇಳಿದರು. ವಿದ್ಯಾರ್ಥಿಗಳನ್ನು ಸರದಿಯ ಮೇಲೆ ಕಳಿಸುತ್ತೇನೆ, ನಿಮಗೆ ಓದಿ ಹೇಳಲಿ, ಬೇಸರ ಕಳೆಯುತ್ತದೆ ಅಂದರು.

ಹತ್ತು ದಿನ ನಂದಾ ಬೆಳಿಗ್ಗೆಯೇ ತಲೆ ಬಾಚಿ, ಸೀರೆ ಉಟ್ಟು, ಬಾಗಿಲಿಗೆ ಮುಖ ಮಾಡಿ ಕೂತಳು. ಬಂದವಳು ಒಬ್ಬಳೇ, ಎರಡನೆಯ ವರ್ಷದ ರಫಿಯಾ. ಅವಳೂ ಎರಡು ಬಸ್ಸು ಬದಲಿಸಿ ಬರಬೇಕು. ವಾರಕ್ಕೊಮ್ಮೆ ಬಂದರೆ ಹೆಚ್ಚು.

ಹನ್ನೊಂದನೆಯ ದಿನ ನಂದಾ ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದಳು. ನನಗೆ ಆ ಮಳೆಗಾಲವೆಲ್ಲ ಎರಡನೆಯ ಪಾಳಿ. ಮಧ್ಯಾಹ್ನ ಎರಡಕ್ಕೆ ಗೇಟಿನೊಳಗಿರಬೇಕು. ಬೆಳಿಗ್ಗೆ ಮನೆಯಲ್ಲೇ ಇರುತ್ತಿದ್ದೆ. ಸುಮ್ಮನಿರಲಾಗದೆ ಅಂದೆ, “ಕೊಡು, ನಾ ಓದ್ತೀನಿ.”

“ನೀವಾ?” ಎಂದು ನಕ್ಕಳು. ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ನಗು ಅದು.

ಪದ್ಯಗಳ ಝೆರಾಕ್ಸ್ ಪುಸ್ತಕ ತೆಗೆದೆ. ಮೊದಲ ಸಾಲಿನ ಎರಡನೆಯ ಶಬ್ದಕ್ಕೇ ನಿಂತೆ. ಅಕ್ಷರಗಳನ್ನು ಒಂದೊಂದಾಗಿ ಕೂಗಿದೆ, ಕಾರ್ಖಾನೆಯಲ್ಲಿ ಬ್ಯಾಚ್ ನಂಬರು ಕೂಗಿದಂತೆ. ಅವಳು ಶಬ್ದ ಹೇಳಿದಳು. ಮತ್ತೊಂದು ಕೂಗಿದೆ. ಅವಳು ಹೇಳಿದಳು. ಹೀಗೆ ಒಂದು ಸಾಲು ಮುಗಿಯುವುದರೊಳಗೆ ಹಿಂದಿನ ಸಾಲು ನನಗೆ ಮರೆತುಹೋಯಿತು.

ಆಗ ನಮ್ಮವ್ವ ನೆನಪಾದಳು. ಪಂಢರಪುರಕ್ಕೆ ನಡೆದು ಹೋಗುವವರ ಭಜನೆ ತಂಡದಲ್ಲಿ ಹಾಡುವವಳು. ಅವಳಿಗೆ ಮರಾಠಿ ಓದಲು ಬರದು. ಹಾಡುವುದೆಲ್ಲ ಮರಾಠಿ ಅಭಂಗ. ನಮ್ಮ ಕಡೆ ಮುದುಕಿಯರ ಹತ್ತಿರ ಒಂದೊಂದು ಉದ್ದನೆಯ ವಹಿ ಇರುತ್ತಿತ್ತು. ಅದರಲ್ಲಿ ಮರಾಠಿ ಅಭಂಗಗಳನ್ನು ಕನ್ನಡ ಅಕ್ಷರದಲ್ಲಿ ಬರೆದಿಟ್ಟುಕೊಂಡು ಹಾಡುತ್ತಿದ್ದರು. ಅರ್ಥ ಅರ್ಧ ಗೊತ್ತು, ಅರ್ಧ ಇಲ್ಲ. ಕಣ್ಣಲ್ಲಿ ನೀರು ಮಾತ್ರ ಪೂರ್ತಿ ಬರುತ್ತಿತ್ತು. ನಾನು ಕಂಪನಿ ಕೊಟ್ಟ ಹಳೆಯ ಡೈರಿಯನ್ನು ತೆಗೆದು ಹಾಗೇ ಮಾಡಿದೆ. ನಾನು ಅಕ್ಷರ ಹೇಳುವುದು, ಅವಳು ಶಬ್ದ ಹೇಳುವುದು, ನಾನು ಅದನ್ನು ಕನ್ನಡದಲ್ಲಿ ಬರೆದುಕೊಳ್ಳುವುದು. ಒಂದು ಪದ್ಯ ಬರೆಯಲು ಎರಡು ಬೆಳಗು, ಕೆಲವಕ್ಕೆ ಮೂರು. ಬರೆದಾದ ಮೇಲೆ ಡೈರಿ ನೋಡಿ ನಾನು ಒಂದೇ ಸಮನೆ ಓದಬಲ್ಲೆ.

“ಅಯ್ಯ, ಗೋಡೌನ್ ಲೆಕ್ಕ ಓದಿದಂಗ ಓದಬ್ಯಾಡ್ರಿ. ಸಾಲು ಮುಗಿದಲ್ಲಿ ತಟಗು ನಿಂದರ್ರಿ.”

“ಸಾಲು ಮುಗದೈತಿ, ಮಾತು ಮುಗದಿಲ್ಲ. ಯಾಕ ನಿಂದ್ರಲಿ?”

“ಅದಕ್ಕs ನಿಂದರ್ರಿ ಅನ್ನೂದು. ನಿಮ್ಮ ಡಬ್ಬಿ ಮ್ಯಾಲ ಸಾಲು ಯಾಕ ಮುರೀತೈತಿ?”

“ಜಾಗಾ ಸಾಲಂಗಿಲ್ಲ, ಅದಕ್ಕ.”

“ಇಲ್ಲಿ ನೋಡ್ರಿ, ಹಾಳಿ ಮ್ಯಾಲ ಜಾಗಾ ಉಳದೈತೋ ಇಲ್ಲೋ?”

ನೋಡಿದೆ. ಅರ್ಧ ಹಾಳೆ ಖಾಲಿ ಇತ್ತು. ಜಾಗವಿದ್ದೂ ಸಾಲು ಮುರಿದಿದ್ದರೆ ಬೇಕೆಂದೇ ಮುರಿದಿದ್ದಾರೆ. ಇಪ್ಪತ್ತೈದು ವರ್ಷ ಸಾಲು ನೋಡುವ ಕೆಲಸ ಮಾಡಿದವನಿಗೆ ಇದು ಹೊಳೆದಿರಲಿಲ್ಲ.

ಅವಳದೊಂದು ಕಾನೂನಿತ್ತು. ತರಗತಿಯಲ್ಲೂ ಅದೇ ಇತ್ತಂತೆ. ಪದ್ಯ ಓದಿದ ದಿನ ಅರ್ಥ ಹೇಳುವುದಿಲ್ಲ. “ಇವತ್ತು ಕಿವಿಗೆ, ಅರ್ಥ ನಾಳೆ,” ಅನ್ನುತ್ತಿದ್ದಳು. ನಾನು ಮೊದಲ ಸಲ ರೇಗಿದೆ. ಎರಡು ದಿನ ಅಕ್ಷರ ಕೂಗಿ ಗಂಟಲು ಒಣಗಿಸಿಕೊಂಡವನಿಗೆ ಇದೇನು ಶಿಕ್ಷೆ?

“ಹೆಪ್ಪು ಹಾಕಿದ ಗಡಗಿ ತಾಸಿಗೊಮ್ಮೆ ಅಲುಗಾಡಿಸಿ ನೋಡ್ತಾರೇನ್ರಿ? ಸುಮ್ಮ ಬಿಡ್ರಿ. ನಾಳೆ ನಿಮಗs ಏನರೆ ಹೊಳೀತೈತಿ. ಮೊದಲ ನೀವು ಹೇಳಬೇಕು, ಆಮ್ಯಾಲ ನಾ ಹೇಳ್ತೀನಿ.”

ಅರ್ಥ ಗೊತ್ತಿಲ್ಲದ ಆ ಸಾಲುಗಳನ್ನು ಬಾಯಲ್ಲಿಟ್ಟುಕೊಂಡು ನಾನು ಬಸ್ಸು ಹತ್ತುತ್ತಿದ್ದೆ. ಮಳೆ ಹಿಡಿದಿತ್ತು. ಜೀಡಿಮೆಟ್ಲಾದಲ್ಲಿ ಮಳೆ ಬಿದ್ದರೆ ಮಣ್ಣಿನ ವಾಸನೆಯ ಜೊತೆ ಕಾರ್ಖಾನೆಗಳ ರಾಸಾಯನಿಕದ ಘಾಟೂ ಏಳುತ್ತದೆ. ಮೂಗಿಗೆ ಸಿಹಿ, ಗಂಟಲಿಗೆ ಕಹಿ. ಈಗಲೂ ಮೊದಲ ಮಳೆಗೆ ಆ ವಾಸನೆ ಬಂದರೆ ಇಂಗ್ಲಿಷ್ ಸಾಲುಗಳು ತಾವಾಗಿ ಬಾಯಿಗೆ ಬರುತ್ತವೆ.

ಒಂದು ಪದ್ಯದಲ್ಲಿ ಒಬ್ಬ ಮನುಷ್ಯ ಚಳಿಯ ದೇಶದ ಅಂಗಡಿಯಲ್ಲಿ ತರಕಾರಿ ಕೊಂಡು, ಮೇಲೆ ಒಂದು ಹಿಡಿ ಕೊತ್ತಂಬರಿ ಪುಕ್ಕಟೆ ಕೇಳುತ್ತಾನೆ. ಅಂಗಡಿಯವಳಿಗೆ ಅವನ ಇಂಗ್ಲಿಷ್ ತಿಳಿಯುತ್ತದೆ, ಕೇಳುವುದು ಏನೆಂದು ತಿಳಿಯುವುದಿಲ್ಲ. ಅದರ ಅರ್ಥ ಕೇಳಿ ನಕ್ಕವನು, ನನ್ನ ಹಳೆಯ ಮಾತನ್ನೇ ಎತ್ತಿದೆ.

“ಅಲ್ಲಾ, ಮನೀ ಮಾತು ಇರೂವಾಗ ಇವರಿಗೆ ಇಂಗ್ಲಿಷ್ ಯಾಕ ಬೇಕಿತ್ತು?”

“ನೀವು ಫ್ಯಾಕ್ಟರಿಯೊಳಗ ಯಾವ ಮಾತಾಡ್ತೀರಿ?”

“ತೆಲುಗು.”

“ಬಜಾರದಾಗ?”

“ಹಿಂದಿ.”

“ಸಿಟ್ಟು ಬಂದ್ರ ಬೈಯೂದು?”

“ಉರ್ದು,” ಅಂದೆ. ಹೈದರಾಬಾದಿನ ಉರ್ದುವಿನಷ್ಟು ಬೈಗುಳಕ್ಕೆ ಒದಗುವ ಮಾತು ಬೇರೆ ಇಲ್ಲ.

“ಅದರಾಗ ಯಾವುದು ನಿಮ್ಮದಲ್ಲ ಹೇಳ್ರಿ ನೋಡೂಣು. ಎಲ್ಲಾ ನಿಮ್ಮದs. ಅವರಿಗೂ ಹಂಗs. ಯಾವ ಮಾತಿನ್ಯಾಗ ಅಳು ಬರ್ತೈತಿ ಅದರಾಗ ಬರೀತಾರ.”

ಅವಳು ‘ಅಳು’ ಅಂದಾಗ ನಾನು ತಲೆ ತಗ್ಗಿಸಿದೆ. ಅವಳಿಗೆ ಕಾಣದು ಎಂಬ ಧೈರ್ಯದಲ್ಲಿ ತಗ್ಗಿಸಿದೆ. ಹಿಂದೊಮ್ಮೆ ಇಂಡಿಯಲ್ಲಿ, ತಮ್ಮನ ಹೊಸ ಮನೆಯ ಪೂಜೆಯ ದಿನ, ಪಂಕ್ತಿಯಲ್ಲಿ ಕೂತು ನಾನೊಂದು ಮಾತಾಡಿದ್ದೆ. ನಿಮ್ಮ ಹೆಂಡತಿ ಕಾಲೇಜಿನಲ್ಲಿ ಏನು ಕಲಿಸುತ್ತಾರೆ ಎಂದು ಯಾರೋ ಕೇಳಿದ್ದಕ್ಕೆ, “ನಮ್ಮ ಮಂದಿ ಇಂಗ್ಲಿಷಿನ್ಯಾಗ ಹೆಂಗ ಅಳಬೇಕು ಅನ್ನೂದು ಕಲಸ್ತಾಳ,” ಅಂದಿದ್ದೆ. ಇಡೀ ಪಂಕ್ತಿ ನಕ್ಕಿತ್ತು. ಅವಳು ಹೋಳಿಗೆ ಬಡಿಸುತ್ತಿದ್ದಳು. ಅವಳೂ ನಕ್ಕು ಮುಂದಿನ ಎಲೆಗೆ ಹೋಗಿದ್ದಳು.

ಜುಲೈ ಕೊನೆಗೆ ರೇಷನ್ ಅಂಗಡಿಯ ಪದ್ಯ ಬಂತು. ಸೀಮೆಎಣ್ಣೆಗೆ ಹೋದ ಹುಡುಗಿ ತನ್ನ ಡಬ್ಬಿಯನ್ನು ಸರದಿಯಲ್ಲಿಟ್ಟು ಆಡಲು ಹೋಗುತ್ತಾಳೆ. ತಿರುಗಿ ಬಂದು ನೋಡಿದರೆ ಸರದಿಯಲ್ಲಿ ಬರೀ ಡಬ್ಬಿಗಳು, ಮನುಷ್ಯರೇ ಇಲ್ಲ. ಡಬ್ಬಿಗಳೇ ಮುಂದೆ ಸರಿಯುತ್ತಿವೆ. ಅರ್ಥದ ದಿನ ನಾನು ಮೊದಲು ಹೇಳಬೇಕಾಯಿತು. ಈ ಕಥೆಯೆಲ್ಲ ತಿಳಿದದ್ದು ಆಮೇಲೆ, ಆಗ ಅರ್ಥ ನನಗೆ ಹೊಳೆದಿರಲಿಲ್ಲ. ‘ಟಿನ್’ ಎಂಬ ಒಂದು ಶಬ್ದ ಬಿಟ್ಟರೆ ಏನೂ ಗೊತ್ತಿರಲಿಲ್ಲ. ಕಂಡದ್ದನ್ನು ಹೇಳಿದೆ.

“ಸಾಲೆಲ್ಲಾ ಗಿಡ್ಡ ಗಿಡ್ಡ ಅದಾವು. ಒಂದರ ಹಿಂದೊಂದು ನಿಂತಾವು. ನಮ್ಮ ಪ್ಯಾಕಿಂಗ್ ಬೆಲ್ಟಿನ ಮ್ಯಾಲ ಡಬ್ಬಿ ನಿಂತಂಗ ಕಾಣ್ತಾವು.”

ಅವಳು ಕುರ್ಚಿಯಲ್ಲಿ ನೆಟ್ಟಗೆ ಕೂತಳು. ತಪ್ಪು ಹೇಳಿದೆನೇನೋ ಅಂದುಕೊಂಡೆ.

“ಎಷ್ಟು ಸಾಲು ಅದಾವ್ರಿ?”

ಎಣಿಸಿ ಹೇಳಿದೆ. ಕೊನೆಯದು ಒಂದೇ ಶಬ್ದ, ಎಲ್ಲಕ್ಕಿಂತ ದೂರ, ಕೆಳಗೆ ಒಂಟಿಯಾಗಿ ನಿಂತಿದೆ ಎಂದೂ ಹೇಳಿದೆ.

“ಅದು ಆ ಹುಡುಗೀ ಡಬ್ಬಿ,” ಅಂದಳು. “ಹದಿನೆಂಟು ವರ್ಷ ಕಲಿಸೀನಿ ಈ ಪದ್ಯಾ. ಕಣ್ಣು ಎರಡೂ ಇದ್ವು. ನನಗ ಇದು ಕಂಡಿರಲಿಲ್ರಿ.”

ಮುಂದಿನ ವಾರ ರಫಿಯಾ ಬಂದಾಗ ನಂದಾ ಮೊದಲು ಇದನ್ನೇ ಹೇಳಿದಳು. ರಫಿಯಾ ನನ್ನ ಕಡೆ ತಿರುಗಿ, “ಅಂಕಲ್, ಆಪ್ ಹಮಾರೆ ಕ್ಲಾಸ್ ಮೆ ಆ ಜಾವ್ ನಾ,” ಎಂದು ತಮ್ಮ ತರಗತಿಗೆ ಕರೆದಳು. “ನಕ್ಕೋ, ಬ್ಯಾಡ,” ಅಂದೆ, “ಅಲ್ಲಿ ನೋಟ್ಸ್ ಬರೆಸ್ತಾರಂತ.” ಮೂವರೂ ನಕ್ಕೆವು. ನನ್ನ ಬದುಕಿನಲ್ಲಿ ನಾನು ಯಾವುದನ್ನಾದರೂ ಕಲಿತವನ ಹಾಗೆ ಹೆಮ್ಮೆಪಟ್ಟದ್ದು ಅದೊಂದೇ ಬೆಳಿಗ್ಗೆ.

ಆದರೆ ಅದೇ ವಾರ ಇನ್ನೊಂದು ನಡೆಯಿತು. ದಟ್ಟ ಮೋಡ ಕವಿದ ಬೆಳಿಗ್ಗೆ ಮಳೆಗೆ ಕರೆಂಟೂ ಹೋಗಿ, ಅಕ್ಷರ ಕಾಣದೆ ನಾನು ಡೈರಿ ಮುಚ್ಚಿ ಕೂತಿದ್ದೆ.

“ಇಂಡಿಯೊಳಗ ನಿಮ್ಮ ತಮ್ಮನ ಮನಿ ಪೂಜಾ ದಿನ ನೀವೊಂದು ಮಾತಂದಿದ್ರಿ. ನೆನಪೈತೇನ್ರಿ?” ಎಂದು ಕೇಳಿದಳು.

“ಇಲ್ಲ,” ಅಂದೆ.

“ಹಂಗಾರ ಹೋಗ್ಲಿ ಬಿಡ್ರಿ.”

ನೆನಪಿತ್ತು. ಹೌದು, ತಪ್ಪಾಯಿತು ಎಂದು ಒಂದು ಮಾತು ಹೇಳಬಹುದಿತ್ತು. ಕತ್ತಲೆ ಇತ್ತು, ಅವಳಿಗೆ ಕಣ್ಣೂ ಇರಲಿಲ್ಲ, ಮುಖ ತೋರಿಸುವ ಪ್ರಶ್ನೆಯೂ ಇರಲಿಲ್ಲ. ಹೇಳಲಿಲ್ಲ. ಕರೆಂಟು ಬಂತು. ಅಕ್ಷರ ಕೂಗಲು ಶುರು ಮಾಡಿದೆ.

ಸೆಪ್ಟೆಂಬರಿನಲ್ಲಿ ರಫಿಯಾ ಲೈಬ್ರರಿಯ ಯಾವುದೋ ಪತ್ರಿಕೆಯಿಂದ ಒಂದು ಪದ್ಯ ಝೆರಾಕ್ಸ್ ಮಾಡಿ ತಂದಳು. ಪಾಠಕ್ಕಿಟ್ಟ ಪದ್ಯವಲ್ಲ, ನಂದಾ ಕೂಡ ಮೊದಲು ಕೇಳಿರಲಿಲ್ಲ. ಹಾಳೆಯ ಮೇಲಂಚು ಝೆರಾಕ್ಸಿನಲ್ಲಿ ಕತ್ತರಿಸಿಹೋಗಿ ಕವಿಯ ಹೆಸರೂ ಬಂದಿರಲಿಲ್ಲ. ಅಕ್ಷರ ಕೂಗಿ ಬರೆದುಕೊಳ್ಳಲು ಮೂರು ಬೆಳಗು ಹಿಡಿಯಿತು. ನಡುನಡುವೆ ಅವಳಿಗೆ ಉಸಿರು ಕಟ್ಟುತ್ತಿತ್ತು, ಪಾದ ಬಾತಿದ್ದವು. ಡಾಕ್ಟರರ ಹತ್ತಿರ ಮುಂದಿನ ವಾರ ಹೋಗಬೇಕಿತ್ತು.

ನಾಲ್ಕನೆಯ ದಿನ, ಗುರುವಾರ, ಪೂರ್ತಿ ಓದಿದೆ. ನನ್ನ ಓದು ಅಷ್ಟರಲ್ಲಿ ಸುಧಾರಿಸಿತ್ತು, ಜಾಗವಿದ್ದಲ್ಲಿ ನಿಲ್ಲುತ್ತಿದ್ದೆ. ‘ಕೀಪ್’, ‘ಡ್ರೈ’ ಎಂಬ ಎರಡು ಶಬ್ದ ನನಗೆ ಗೊತ್ತಿದ್ದವು. ನೆನೆಯದಂತೆ ಇಡಿ ಎಂದು ದಿನಾ ಡಬ್ಬಿಯ ಮೇಲೆ ನೋಡುವವೇ. ಉಳಿದದ್ದು ಬರೀ ಸದ್ದು.

ಮುಗಿಸಿದಾಗ ಅವಳು ಇನ್ನೊಮ್ಮೆ ಓದಿಸಿದಳು. ಹಾಗೆ ಎಂದೂ ಮಾಡುತ್ತಿರಲಿಲ್ಲ. ಆಮೇಲೆ ಕೈ ಚಾಚಿ ನನ್ನ ಮೊಣಕೈ ಹುಡುಕಿ ಹಿಡಿದಳು.

“ರೀ, ಇದರಾಗ ನೀವಿದ್ದೀರಿ.”

“ನಾ ಎಲ್ಲಿದ್ದೀನಿ? ಕೀಪ್ ಡ್ರೈ ಅಂತ ನಮ್ಮ ಡಬ್ಬಿ ಐತಿ.”

“ಹೂಂ, ನಿಮ್ಮ ಡಬ್ಬೀನೂ ಐತಿ, ನೀವೂ ಇದ್ದೀರಿ. ಈಗs ಹೇಳಿಬಿಡ್ಲ್ಯಾ?”

ಗಡಿಯಾರ ನೋಡಿದೆ. ಒಂದೂ ಹತ್ತು. ಬಸ್ಸು ಒಂದೂಕಾಲಿಗೆ. ಹಿಂದಿನ ದಿನ ಹತ್ತು ನಿಮಿಷ ತಡವಾಗಿ ಹೋಗಿ ಮಾತು ಕೇಳಿಸಿಕೊಂಡಿದ್ದೆ.

“ನಿನ್ನ ಕಾನೂನು ನೀನs ಮುರೀತಿಯೇನು? ಇವತ್ತು ಕಿವಿಗೆ, ಅರ್ಥ ನಾಳೆ. ಮೊದಲ ನಾ ಹೇಳಬೇಕು,” ಎಂದು ಅವಳ ಮಾತನ್ನೇ ಅವಳಿಗೆ ಹೇಳಿ, ಊಟದ ಡಬ್ಬಿ ಎತ್ತಿಕೊಂಡೆ.

“ಎರಡು ಮಿನಿಟಿಂದು ಐತ್ರಿ.”

“ನಾಳೆ ಹೇಳು.”

“ಆತು. ನಾಳೆ,” ಅಂದಳು. ನಗುತ್ತಲೇ ಅಂದಳು.

ಪ್ಯಾಕಿಂಗ್ ಹಾಲಿನೊಳಗೆ ಫೋನು ಒಯ್ಯುವಂತಿಲ್ಲ. ಗೇಟಿನ ಹತ್ತಿರ ಲಾಕರಿನಲ್ಲಿಡಬೇಕು. ಐದು ಗಂಟೆಯ ಸುಮಾರಿಗೆ ಸೆಕ್ಯೂರಿಟಿಯವನು ಬಂದು, ಮನೆಯಿಂದ ಗೇಟಿಗೆ ಫೋನು ಬಂದಿದೆ ಅಂದ. ಎದುರುಮನೆಯ ಲಕ್ಷ್ಮಮ್ಮ ನಾಲ್ಕೂವರೆಗೆ ಚಹಾ ಕೊಡಲು ಹೋಗಿ ನೋಡಿದ್ದರು. ನಂದಾ ಅದೇ ಕುರ್ಚಿಯಲ್ಲಿ ತಲೆ ವಾಲಿಸಿಕೊಂಡಿದ್ದಳು. ಹೃದಯ, ಎಂದರು ಡಾಕ್ಟರು. ಸಕ್ಕರೆಯವರಿಗೆ ಎದೆನೋವು ಗೊತ್ತಾಗದೇ ಹೀಗಾಗುತ್ತದೆ ಎಂದರು.

ಲಾಕರಿನಿಂದ ಫೋನು ತೆಗೆದಾಗ ಅದರಲ್ಲಿ ಅವಳದೊಂದು ಕರೆ ಇತ್ತು. ನಾಲ್ಕು ಗಂಟೆಗೆ ಮಾಡಿದ್ದು. ಕಣ್ಣು ಹೋದ ಮೇಲೆ ಎರಡನೆಯ ಗುಂಡಿ ಒತ್ತಿ ಹಿಡಿದರೆ ನನಗೆ ಹೋಗುವಂತೆ ಮಾಡಿಕೊಟ್ಟಿದ್ದೆ. ಪಾಳಿಯಲ್ಲಿ ಫೋನು ನನ್ನ ಹತ್ತಿರ ಇರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದ್ದಳು.

ಕಾಲೇಜಿನಲ್ಲಿ ಸಂತಾಪ ಸಭೆ ಮಾಡಿದರು. ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಮೂರು ತಿಂಗಳು ನಮ್ಮ ಬಾಗಿಲು ತುಳಿಯದವರೆಲ್ಲ ಅವಳನ್ನು ‘ಕಾವ್ಯಕ್ಕೆ ಬದುಕು ಮುಡಿಪಿಟ್ಟವರು’ ಎಂದು ತೆಲುಗಿನಲ್ಲೂ ಇಂಗ್ಲಿಷಿನಲ್ಲೂ ಹೊಗಳಿದರು. ಯಾರೋ ಒಂದು ಪದ್ಯ ಓದಿದರು, ಸಾಲು ಮುಗಿದಲ್ಲಿ ನಿಲ್ಲದೆ, ಗೋಡೌನ್ ಲೆಕ್ಕ ಓದಿದಂತೆ. ಎದ್ದು ಹೇಳಬೇಕೆನ್ನಿಸಿತು. ಸಮೋಸಾ ತಿಂದು ಬಂದೆ.

ಎರಡು ವರ್ಷ ಅವಳ ಪುಸ್ತಕಗಳನ್ನು ಮುಟ್ಟಲಿಲ್ಲ. ಈ ಜೂನ್‌ನಲ್ಲಿ, ಮೊದಲ ಮಳೆಗೆ ಆ ಘಾಟು ಎದ್ದ ಮೇಲೆ, ನಾಲ್ಕು ರಟ್ಟಿನ ಡಬ್ಬಿಗಳಲ್ಲಿ ತುಂಬಿ ಆಟೋದಲ್ಲಿ ಕಾಲೇಜಿನ ಲೈಬ್ರರಿಗೆ ಕೊಟ್ಟು ಬರಲು ಹೋದೆ. ಪುಸ್ತಕ ಕೊಡುವುದು ನೆಪ. ಝೆರಾಕ್ಸ್ ಹಾಳೆ ನನ್ನ ಜೇಬಿನಲ್ಲಿತ್ತು. ರಫಿಯಾ ಓದು ಮುಗಿಸಿ ಶಂಶಾಬಾದಿನ ವಿಮಾನ ನಿಲ್ದಾಣದಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಅವಳನ್ನು ಮೊದಲೇ ಫೋನಿನಲ್ಲಿ ಕೇಳಿದ್ದೆ. “ಶಬ್ದದ ಅರ್ಥ ಹೇಳಬಲ್ಲೆ ಅಂಕಲ್, ಮೇಡಂ ಏನು ಹೇಳುತ್ತಿದ್ದರೋ ಅದು ನನಗೆ ಹೊಳೆಯುವುದಿಲ್ಲ,” ಎಂದು ಹಿಂದಿಯಲ್ಲಿ ಹೇಳಿದ್ದಳು. ಪ್ರಾಮಾಣಿಕ ಹುಡುಗಿ.

ಮುಖ್ಯಸ್ಥರು ಡಬ್ಬಿಗಳನ್ನು ನೋಡಿ, ಹಳೆಯ ಪುಸ್ತಕಗಳಿಗೆ ಜಾಗದ ತೊಂದರೆ ಇದೆ, ನೋಡೋಣ ಅಂದರು. ಹಾಳೆ ಕೊಟ್ಟೆ. ನಿಂತಲ್ಲೇ ಓದಿದರು. ಮೂರು ನಿಮಿಷವೂ ಹಿಡಿಯಲಿಲ್ಲ.

ಅವರು ಹೇಳಿದ್ದು ಇಷ್ಟು: ಸಮುದ್ರದ ಬದಿಯ ಒಂದು ಊರು. ಹೆಂಗಸೊಬ್ಬಳು ಬೇಸಿಗೆಯೆಲ್ಲ ಉಪ್ಪಿನ ಗದ್ದೆಯಲ್ಲಿ ದುಡಿದು ಉಪ್ಪಿನ ರಾಶಿ ಹಾಕಿದ್ದಾಳೆ. ಮಳೆ ಹೊತ್ತಿಗೆ ಮುಂಚೆ ಬರುತ್ತದೆ. ರಾಶಿ ಕರಗತೊಡಗುತ್ತದೆ. ನೆನೆಯದಿರಲಿ ಎಂದು ಒಬ್ಬ ಗಂಡಸು ತನ್ನ ಅಂಗಿ ಬಿಚ್ಚಿ ಅಷ್ಟು ದೊಡ್ಡ ರಾಶಿಯ ಮೇಲೆ ಹೊದಿಸುತ್ತಾನೆ. ಅಷ್ಟೇ ಪದ್ಯ.

“ಪ್ರಕೃತಿಯ ಎದುರು ಮನುಷ್ಯನ ವ್ಯರ್ಥ ಹೋರಾಟ. ಅದು ಇದರ ವಸ್ತು,” ಅಂದರು.

“ಇದರಲ್ಲಿ ಫ್ಯಾಕ್ಟರಿ ಏನಾದರೂ ಇದೆಯೇ ಸರ್?” ಎಂದು ಕೇಳಿದೆ.

“ಫ್ಯಾಕ್ಟರಿಯಾ?” ಮತ್ತೊಮ್ಮೆ ಹಾಳೆ ನೋಡಿದರು. “ಲೇದಂಡಿ. ಇಲ್ಲ. ಯಾಕೆ?”

ಏನಿಲ್ಲ ಎಂದು ಹಾಳೆ ತೆಗೆದುಕೊಂಡೆ. ಅವರು ಹೇಳಿದ್ದು ತಪ್ಪಿರಲಿಕ್ಕಿಲ್ಲ. ಪರೀಕ್ಷೆಯಲ್ಲಿ ಹಾಗೆ ಬರೆದರೆ ಅಂಕ ಬರುತ್ತದೆ. ಡಬ್ಬಿಗಳನ್ನು ಅದೇ ಆಟೋದಲ್ಲಿ ಹೇರಿಕೊಂಡು ಮನೆಗೆ ತಂದೆ.

ಅಂಗಿ ಹೊದಿಸಿದವನು ನಾನು ಎಂದು ನಂಬಲು ನನಗೆ ಆಸೆ. ಮೂರು ತಿಂಗಳು ಅಕ್ಷರ ಕೂಗಿದೆನಲ್ಲ. ಒಂದೊಂದು ದಿನ ಹಾಗೆಯೇ ನಂಬಿ ಮಲಗುತ್ತೇನೆ. ಆದರೆ ಅವಳು ಪೂಜೆಯ ದಿನದ ಮಾತನ್ನು ಮರೆತವಳಲ್ಲ. ಹೊತ್ತಿಗೆ ಮುಂಚೆ ಬಂದು ಬೇಸಿಗೆಯ ದುಡಿಮೆಯನ್ನೆಲ್ಲ ಕರಗಿಸಿದ ಮಳೆಯನ್ನು ಕಂಡು ‘ಇದರಾಗ ನೀವಿದ್ದೀರಿ’ ಅಂದಿದ್ದರೂ ಅಂದಿರಬಹುದು. ನಗುತ್ತಲೇ ಅಂದಳು ನಿಜ. ಪಂಕ್ತಿಯಲ್ಲಿ ಹೋಳಿಗೆ ಬಡಿಸುವಾಗಲೂ ನಕ್ಕಿದ್ದಳು. ಎರಡು ನಿಮಿಷದ್ದು ಅಂದಿದ್ದಳು. ಬಸ್ಸು ಆ ದಿನ ಹತ್ತು ನಿಮಿಷ ತಡವಾಗಿ ಬಂತು. ಸ್ಟಾಪಿನಲ್ಲಿ ಸುಮ್ಮನೆ ನಿಂತಿದ್ದೆ.

ಡೈರಿಯಲ್ಲಿ ಪ್ರತಿ ಪದ್ಯದ ಕೆಳಗೆ ಅರ್ಧ ಹಾಳೆ ಬಿಟ್ಟಿದ್ದೇನೆ, ಮರುದಿನ ಅವಳು ಹೇಳಿದ್ದನ್ನು ಬರೆದುಕೊಳ್ಳಲು. ಹದಿನೇಳು ಪದ್ಯ, ಹದಿನಾರು ಅರ್ಥ. ಕೊನೆಯ ಪದ್ಯ ನನಗೆ ಪೂರ್ತಿ ಬಾಯಿಗೆ ಬರುತ್ತದೆ. ನಿಲ್ಲಬೇಕಾದಲ್ಲಿ ನಿಂತು ಹೇಳಬಲ್ಲೆ. ಅದರಲ್ಲಿ ಅವಳು ನನ್ನನ್ನು ಎಲ್ಲಿ ಕಂಡಳು ಎಂಬುದು ನನಗೆ ಗೊತ್ತಿಲ್ಲ.